ಗೋಡೆಗೆ ಬಡಿದದ್ದು ಒಂದೋ ಎರಡೋ

ಜಪಾನಿನ ವಾಕೋ-ಶಿ ಸ್ಟೇಷನ್ನಿನಿಂದ ರಿಕೆನ್ ಸಂಶೋಧನಾ ಸಂಸ್ಥೆಗೆ ಬರುವ ಫುಟ್‌ಪಾತಿನಲ್ಲಿ ಮೂಲಧಾತುಗಳ ಫಲಕ ಹುದುಗಿಸಿದ್ದಾರೆ. 113ನೆಯದು ನಿಹೋನಿಯಂ, ಇಲ್ಲೇ ಪತ್ತೆಯಾದದ್ದು. ದಾರಿಗೂ ಅದರದೇ ಹೆಸರು. ಇಲ್ಲಿ ಪರಮಾಣು ಬೀಜಗಳನ್ನು ಒಡೆದು ನೋಡುವ ನನಗೆ ಬೇಕಾದವು ಮಾತ್ರ ಪಟ್ಟಿಯ ಆರಂಭದಲ್ಲೇ ಮುಗಿಯುತ್ತವೆ: ಲಿಥಿಯಂ, ಆಕ್ಸಿಜನ್, ಫ್ಲೋರಿನ್.

ನಿಮ್ಮ ಮೊಬೈಲಿನ ಬ್ಯಾಟರಿಯ ಲಿಥಿಯಂನಲ್ಲಿ 3 ಪ್ರೋಟಾನ್, ಸಾಮಾನ್ಯವಾಗಿ 4 ನ್ಯೂಟ್ರಾನ್. ಲಿಥಿಯಂ-11ರಲ್ಲಿ ನ್ಯೂಟ್ರಾನ್ 8, ಎರಡೂ ಸೇರಿ 11. 1985ರಲ್ಲಿ ಇಸಾವೊ ತನಿಹಾತಾ ಮತ್ತು ಜೊತೆಯವರು ಅಮೆರಿಕದ ಬರ್ಕ್ಲಿಯಲ್ಲಿ ಅಳೆದು ನೋಡಿದರೆ, ಅದರ ಗಾತ್ರ ಅಂದಾಜಿಗಿಂತ ತೀರ ದೊಡ್ಡದು! ಕೊನೆಯ ಎರಡು ನ್ಯೂಟ್ರಾನ್‌ಗಳು ನಡುವಿನ ಲಿಥಿಯಂ-9ರಿಂದ ದೂರದಲ್ಲಿ ಪ್ರಭಾವಳಿಯ ಹಾಗೆ ಹರಡಿಕೊಂಡಿರುತ್ತವೆ. ಒಲೆಯ ಮೂರು ಗುಂಡಿನಂತೆ, ಒಂದನ್ನು ತೆಗೆದರೆ ಉಳಿದೆರಡು ನಿಲ್ಲವು. ಇದರ ಅರ್ಧಾಯುಷ್ಯ 9 ಮಿಲಿಸೆಕೆಂಡಿಗೂ ಕಡಿಮೆ.

ಅಷ್ಟರೊಳಗೆ ಸಾಯುವುದನ್ನು ಡಬ್ಬಿಯಲ್ಲಿಟ್ಟು ನೋಡಲಾದೀತೆ? ಹಾರುತ್ತಿರುವಾಗಲೇ ನೋಡಬೇಕು. ಇಲ್ಲಿನ ಸುಮಾರು 8,300 ಟನ್ ತೂಕದ ಸೈಕ್ಲೋಟ್ರಾನ್ ಎಂಬ ಯಂತ್ರ ಕ್ಯಾಲ್ಸಿಯಂ-48 ಅನ್ನು ಬೆಳಕಿನ ಶೇ. 70ರಷ್ಟು ವೇಗಕ್ಕೆ ಏರಿಸಿ ಬೆರಿಲಿಯಂಗೆ ಬಡಿಸುತ್ತದೆ. ಸಿಡಿದ ಚೂರುಗಳಲ್ಲಿ ಬೇಕಾದ್ದನ್ನು ಅಯಸ್ಕಾಂತಗಳು ಆರಿಸುತ್ತವೆ. ಇಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೀಗೆ ಆರಿಸಿದ ಫ್ಲೋರಿನ್-29 ಅನ್ನು ದ್ರವ ಹೈಡ್ರೋಜನ್ನಿಗೆ ಹೊಡೆದು, ಒಂದು ಪ್ರೋಟಾನ್ ಕಿತ್ತು, ಆಕ್ಸಿಜನ್-28 ಮಾಡಿದರು. ಅದರಲ್ಲಿ 8 ಪ್ರೋಟಾನ್, 20 ನ್ಯೂಟ್ರಾನ್; ಎರಡೂ ಪರಮಾಣು ಬೀಜವನ್ನು ಭದ್ರವಾಗಿಸುವ 'ಮ್ಯಾಜಿಕ್' ಸಂಖ್ಯೆಗಳು, ಗಟ್ಟಿಯಾಗಿರಬೇಕಿತ್ತು. ಆದರೆ ಹುಟ್ಟಿದ ಕ್ಷಣವೇ ಆಕ್ಸಿಜನ್-24 ಮತ್ತು ನಾಲ್ಕು ನ್ಯೂಟ್ರಾನ್ ಆಗಿ ಒಡೆಯಿತು. ಆ ನಾಲ್ಕನ್ನೂ ಹಿಡಿಯಲು ಜರ್ಮನಿಯಿಂದ ಹೆಚ್ಚುವರಿ ಡಿಟೆಕ್ಟರ್ ತರಿಸಿದ್ದರು.

ಬೀಮ್ (ಯಂತ್ರದಿಂದ ಬರುವ ಕಣಗಳ ಧಾರೆ) ಇರುವಷ್ಟು ದಿನ ಹಗಲುರಾತ್ರಿ ಶಿಫ್ಟ್. ಕೊಂಬಿನಿ ಎಂಬ ಇಲ್ಲಿನ ಚಿಲ್ಲರೆ ಅಂಗಡಿಯಲ್ಲಿ ಸಸ್ಯಾಹಾರಿಗೆ ಸಿಗುವುದು ಹೆಚ್ಚಾಗಿ ಉಪ್ಪಿನಲ್ಲಿ ಹಾಕಿದ ಉಮೆ ಕಾಯಿಯ ಅನ್ನದುಂಡೆ. ಉಪ್ಪಿನಕಾಯಿ ಅನ್ನವೇ ಅಂದುಕೊಂಡು ತಿನ್ನುತ್ತೇನೆ, ಪರವಾಗಿಲ್ಲ.

ನಿಜವಾದ ತಲೆನೋವು ಆಮೇಲೆ. ನ್ಯೂಟ್ರಾನಿಗೆ ವಿದ್ಯುದಂಶವಿಲ್ಲ, ಹಾದುಹೋದರೂ ಗುರುತು ಬಿಡದು. ಆಳೆತ್ತರದ ಪ್ಲಾಸ್ಟಿಕ್ ಪಟ್ಟಿಗಳ ಗೋಡೆಯಲ್ಲಿ ಎಲ್ಲೋ ಒಂದು ಪ್ರೋಟಾನಿಗೆ ಡಿಕ್ಕಿ ಹೊಡೆದರೆ ಸಣ್ಣ ಮಿಂಚು. ಮಿಂಚಿದ ಜಾಗ, ತಲುಪಿದ ಸಮಯ, ಇಷ್ಟರಿಂದಲೇ ಅದರ ವೇಗ, ದಿಕ್ಕು. ಪ್ರತಿಯೊಂದೂ ಸಿಗುವ ಸಾಧ್ಯತೆ ಅರ್ಧ ಅಂತಿಟ್ಟುಕೊಂಡರೂ, ನಾಲ್ಕೂ ಒಟ್ಟಿಗೆ ಸಿಗುವುದು 16ಕ್ಕೆ ಒಂದು ಸಲ. ಸಾಲದ್ದಕ್ಕೆ, ಒಂದು ಪಟ್ಟಿಗೆ ಬಡಿದ ನ್ಯೂಟ್ರಾನ್ ಜಿಗಿದು ಇನ್ನೊಂದಕ್ಕೂ ಬಡಿಯುತ್ತದೆ. ಪರದೆಯ ಮೇಲೆ ಎರಡು ಮಿಂಚು, ಬಂದದ್ದು ಒಂದೇ. ಇದನ್ನು ಕ್ರಾಸ್‌ಟಾಕ್ ಅನ್ನುತ್ತೇವೆ.

ಎರಡು ಮಿಂಚಿನ ನಡುವಿನ ದೂರವನ್ನು ಒಂದೇ ನ್ಯೂಟ್ರಾನ್ ಅಷ್ಟು ಹೊತ್ತಿನಲ್ಲಿ ಕ್ರಮಿಸಬಹುದಿತ್ತೇ ಎಂದು ನೋಡಿ, ಹೌದಾದರೆ ಎರಡನೆಯದನ್ನು ಕಿತ್ತುಹಾಕುತ್ತೇವೆ. ಜರಡಿ ಬಿಗಿ ಮಾಡಿದರೆ ನಿಜವಾದ ಜೋಡಿಗಳೂ ಹೋಗುತ್ತವೆ, ಅದರಲ್ಲೂ ಅಕ್ಕಪಕ್ಕ ಹಾರುವಂಥವು. ಪ್ರಭಾವಳಿಯ ಎರಡು ನ್ಯೂಟ್ರಾನ್ ಜೋಡಿಯಾಗಿರುತ್ತವೆಯೇ ಎಂಬ ಪ್ರಶ್ನೆಗೆ ಬೇಕಾದವೇ ಅವು. ಸಡಿಲ ಬಿಟ್ಟರೆ ಇಲ್ಲದ ಜೋಡಿ ಹುಟ್ಟುತ್ತದೆ. ನಾನು ಬಿಗಿ ಪಕ್ಷ. ಕಳೆದುಹೋದದ್ದನ್ನು ಸಿಮ್ಯುಲೇಶನ್‌ನಿಂದ ಅಂದಾಜು ಮಾಡಬಹುದು. ಪಕ್ಕದ ಮೇಜಿನವನು ಒಪ್ಪುವುದಿಲ್ಲ. ಸೋಮವಾರದ ಮೀಟಿಂಗಿನಲ್ಲಿ ಮತ್ತೆ ಇದೇ ಜಗಳ.