ಕುತ್ತಿಗೆಗೆ ಇಂಜೆಕ್ಷನ್ ತಗೊಳ್ಳಲಾ ಅಂತ ಕೇಳುವವರಿಗೆ

"ಹೌದಾ ಮಾರಾಯ್ತಿ, ನೀನು ಕುತ್ತಿಗೆಗೆ ಇಂಜೆಕ್ಷನ್ ತೆಗೊಂಡದ್ದಲ್ವಾ? ನಾನೂ ತೆಗೊಳ್ಳಲಾ?"

ಹೋದ ವಾರ ಹೀಗೆ ಕೇಳಿದ್ದು ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯ ಅಕ್ಕ. ಅದಕ್ಕೂ ಮುಂಚೆ ಆಫೀಸಿನವರು ಕೇಳಿದ್ದರು. ಮಾಟುಂಗದಲ್ಲಿ ಒಂದು ಮದುವೆ ಊಟಕ್ಕೆ ಪಕ್ಕದಲ್ಲಿ ಕೂತವರು ಕೇಳಿದ್ದರು. ಊರಿಂದ ಚಿಕ್ಕಮ್ಮ ಫೋನ್ ಮಾಡಿಯೇ ಕೇಳಿದ್ದರು. ಇಂಜೆಕ್ಷನ್ ಅಂದರೆ ಕುತ್ತಿಗೆ ನೋವಿಗೆ ಕೊಡುವ, ಊತ ಇಳಿಸುವ ಸ್ಟೀರಾಯ್ಡ್ ಔಷಧಿಯದು. ಎಲ್ಲರಿಗೂ ಹೌದು ಇಲ್ಲವೇ ಬೇಡ ಅನ್ನುವ ಒಂದು ಮಾತು ಸಾಕು. ನಾನು ತಿರುಗಿ ಕೇಳುವುದು ಇಷ್ಟೇ: ನೋವು ಕುತ್ತಿಗೆಯಲ್ಲೇ ನಿಲ್ಲುತ್ತಾ, ಕೈಗೆ ಇಳಿಯುತ್ತಾ?

ನನ್ನದು ಇಳಿಯುತ್ತಿತ್ತು. ಎಡಭುಜದ ಹಿಂದೆ ಶುರುವಾಗಿ, ತೋಳಿನ ಹಿಂಭಾಗ ಹಿಡಿದು, ಮಧ್ಯದ ಬೆರಳಿನ ತುದಿಯಲ್ಲಿ ಜುಮುಜುಮು. ಎಡಗೈ ಆದ್ದರಿಂದ ಮೊದಲು ಇಸಿಜಿ ಮಾಡಿಸಿದರು. ಹೃದಯ ಸರಿಯಿತ್ತು. ಹಾಗಾದರೆ ಭುಜದ್ದೇ ತೊಂದರೆ ಅಂದುಕೊಂಡು ಒಂದು ತಿಂಗಳು ಎಣ್ಣೆ ತಿಕ್ಕಿಕೊಂಡೆ.

ಸುಳಿವು ಸಿಕ್ಕಿದ್ದು ಲೋಕಲ್‌ನಲ್ಲಿ. ಮುಂಬೈಯ ಸಿಎಸ್‌ಎಂಟಿ ಸ್ಟೇಷನ್ನಿಗೆ ರೈಲಿನಲ್ಲಿ ಒಂದು ಗಂಟೆಗೂ ಮೇಲಿನ ದಾರಿ. ಮೂವರ ಸೀಟಿನ ತುದಿಯಲ್ಲಿ ನಾಲ್ಕನೆಯವಳಾಗಿ ಅರ್ಧ ಕೂತು, ಕೈ ಜೋತುಬಿಟ್ಟರೆ ಪ್ರಾಣ ಹೋದ ಹಾಗೆ. ಎದ್ದು ನಿಂತು ಮೇಲಿನ ಹ್ಯಾಂಡಲ್ ಹಿಡಿದರೆ ಐದೇ ನಿಮಿಷದಲ್ಲಿ ಹಾಯ್ ಅನ್ನಿಸುತ್ತಿತ್ತು. ಬೆಳಗಿನ ಎಂಟು ಗಂಟೆಯ ಗಾಡಿಯಲ್ಲಿ ಸಿಕ್ಕ ಸೀಟು ಬಿಟ್ಟುಕೊಡುವವಳನ್ನು ಲೇಡೀಸ್ ಡಬ್ಬದವರು ಹೇಗೆ ನೋಡಿರಬೇಕು ಯೋಚಿಸಿ!

ಇದನ್ನು ಹೇಳಿದಾಗ ಡಾಕ್ಟರ್ ನಕ್ಕುಬಿಟ್ಟರು. ಭುಜದ ಕೀಲು ಕೆಟ್ಟಿದ್ದರೆ ಕೈ ಎತ್ತಿದಾಗ ಸಾಮಾನ್ಯವಾಗಿ ನೋವು ಜಾಸ್ತಿಯಾಗಬೇಕು. ಎತ್ತಿದಾಗ ಕಡಿಮೆಯಾದರೆ ಕುತ್ತಿಗೆಯ ನರದ ಬೇರಿನ ಮೇಲಿನ ಎಳೆತ ಸಡಿಲವಾಗುತ್ತಿದೆ ಅಂತ ಅರ್ಥವಂತೆ. ಎಂಆರ್‌ಐಯಲ್ಲಿ ಆರನೇ ಮತ್ತು ಏಳನೇ ಮೂಳೆಯ ನಡುವಿನ ಮೆತ್ತೆಯಂಥ ಡಿಸ್ಕ್, ಸಿ7 ಅನ್ನುವ ನರವನ್ನು ಒತ್ತುತ್ತಿತ್ತು. ಮಧ್ಯದ ಬೆರಳು ಅದೇ ನರದ ಪಾಲು. ಬೆರಳು ಹೇಳಿದ್ದಕ್ಕೂ ಚಿತ್ರದಲ್ಲಿ ಕಂಡದ್ದಕ್ಕೂ ತಾಳೆಯಾಯಿತು.

ಈ ತಾಳೆ ಇಲ್ಲದೆ ಬರೀ ರಿಪೋರ್ಟ್ ಓದಿ ಹೆದರಬೇಡಿ. ಜಪಾನಿನಲ್ಲಿ ಯಾವ ತೊಂದರೆಯೂ ಇಲ್ಲದ 1,200ಕ್ಕೂ ಹೆಚ್ಚು ಜನರ ಕುತ್ತಿಗೆಯ ಎಂಆರ್‌ಐ ಮಾಡಿ 2015ರಲ್ಲಿ ಪ್ರಕಟಿಸಿದರು. ಅವರಲ್ಲಿ ಶೇಕಡಾ 87ಕ್ಕಿಂತ ಹೆಚ್ಚು ಜನರ ಡಿಸ್ಕ್ ಉಬ್ಬಿತ್ತು.

ಮೊದಲು ಹೋದ ಆಸ್ಪತ್ರೆಯಲ್ಲಿ ಕುತ್ತಿಗೆ ಮುಟ್ಟಿ ನೋಡುವ ಮೊದಲೇ ಕೌಂಟರಿನಲ್ಲಿ ಮೂರು ಇಂಜೆಕ್ಷನ್ನಿನ ಪ್ಯಾಕೇಜ್ ಬರೆದುಕೊಟ್ಟರು. ಒಂದಕ್ಕೇ ಗುಣ ಕಂಡರೆ ಉಳಿದ ಎರಡು ಯಾಕೆ? ಚೀಟಿ ಮಡಚಿಕೊಂಡು ವಾಪಸ್ ಬಂದೆ. ಈ ನಕ್ಕ ಡಾಕ್ಟರ್ ಎರಡನೆಯವರು. ಇಂಥ ನೋವು ಬಹಳ ಜನರಿಗೆ ಕೆಲವು ವಾರ, ಕೆಲವು ತಿಂಗಳಲ್ಲಿ ತಾನಾಗಿಯೇ ಇಳಿಯುತ್ತದೆ, ಕೈಯಲ್ಲಿ ಬಲ ಇರುವವರೆಗೆ ಆರು ವಾರ ಕಾಯೋಣ ಅಂದರು. ಮಾತ್ರೆ, ಫಿಸಿಯೋ. ಏಳನೇ ವಾರದಲ್ಲೂ ನಾನು ಕೈಯನ್ನು ತಲೆ ಮೇಲಿಟ್ಟುಕೊಂಡು ಕೂತೇ ನಿದ್ದೆ ಮಾಡುತ್ತಿದ್ದೆ. ಆಮೇಲೆ ಹೂಂ ಅಂದೆ.

ಜನ ಇದನ್ನು ಬೆನ್ನುಹುರಿಗೆ ಚುಚ್ಚುವುದು ಅನ್ನುತ್ತಾರೆ. ಹುರಿಗಲ್ಲ, ಅದರ ಹೊದಿಕೆಯ ಹೊರಗಿನ ಜಾಗಕ್ಕೆ. ಹೆರಿಗೆ ನೋವಿಗೆ ಸೊಂಟದ ಹತ್ತಿರ ಕೊಡುವ ಎಪಿಡ್ಯೂರಲ್ ಕೂಡ ಅದೇ ಜಾಗಕ್ಕೆ, ಕೆಳಗೆ. ಆದರೆ ಕುತ್ತಿಗೆಯಲ್ಲಿ ಅಪಾಯ ಬೇರೆ. ಮೆದುಳಿಗೆ ಹೋಗುವ ರಕ್ತನಾಳಗಳು ಪಕ್ಕದಲ್ಲೇ ಇವೆ. ಬೆನ್ನುಮೂಳೆಯ ಸ್ಟೀರಾಯ್ಡ್ ಇಂಜೆಕ್ಷನ್ನಿನಿಂದ ಅಪರೂಪಕ್ಕೆ ಲಕ್ವ, ಕಣ್ಣು ಹೋಗುವುದು, ಸಾವು ಕೂಡ ಆಗಿದೆ ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲಿ ಎಚ್ಚರಿಸಿತು. ಅದಕ್ಕೇ ನಾನು ಮೊದಲೇ ಕೇಳಿದೆ: ಎಕ್ಸ್‌ರೇ ಟಿವಿಯಲ್ಲಿ ನೋಡಿಕೊಂಡೇ ಕೊಡುತ್ತೀರಾ, ಸೂಜಿ ಸರಿಯಾದ ಜಾಗದಲ್ಲಿದೆಯಾ ಅಂತ ಮೊದಲು ಎಕ್ಸ್‌ರೇಯಲ್ಲಿ ಕಾಣುವ ಡೈ ಬಿಟ್ಟು ನೋಡುತ್ತೀರಾ, ಔಷಧಿ ಯಾವುದು? ಕಣಕಣವಾಗಿರುವ ಸ್ಟೀರಾಯ್ಡ್ ರಕ್ತನಾಳಕ್ಕೆ ಹೋದರೆ ಅದನ್ನು ಕಟ್ಟಿಬಿಡಬಹುದು. ಡೆಕ್ಸಾಮೆಥಾಸೋನ್‌ನಲ್ಲಿ ಕಣ ಇರುವುದಿಲ್ಲ. ಹೀಗೆ ಕೇಳಿದ್ದಕ್ಕೆ ಡಾಕ್ಟರ್ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅಲ್ಲಿಂದಲೂ ಎದ್ದು ಬರುತ್ತಿದ್ದೆ.

ಬೋರಲು ಮಲಗಿಸಿ, ಚರ್ಮ ಮರಗಟ್ಟಿಸಿ, ಇಪ್ಪತ್ತು ನಿಮಿಷದಲ್ಲಿ ಮುಗಿಸಿದರು. ಔಷಧಿ ಹೋಗುವಾಗ ತೋಳೊಳಗೆ ನೀರು ತುಂಬಿದ ಹಾಗೆ ಭಾರ, ಅಷ್ಟೇ. ಸಂಜೆ ನೋವೇ ಇಲ್ಲ. ಮಾರನೇ ದಿನ ಪೂರ್ತಿ ವಾಪಸ್, ಅತ್ತೇಬಿಟ್ಟೆ. ಸಂಜೆಯದು ಬರೀ ಮರಗಟ್ಟುವ ಔಷಧಿಯ ಕೆಲಸ, ಸ್ಟೀರಾಯ್ಡ್ ಶುರುವಾಗಲು ಕೆಲವು ದಿನ ಬೇಕು ಅಂತ ಹೇಳಿದ್ದರು, ನೋವಿನಲ್ಲಿ ನೆನಪಾಗಬೇಕಲ್ಲ. ಎರಡು ರಾತ್ರಿ ಮುಖ ಕೆಂಪಾಗಿ ನಿದ್ದೆಯೇ ಇಲ್ಲ. ನಾಲ್ಕನೇ ದಿನ ಮಲಗಿಕೊಂಡು ನಿದ್ದೆ ಮಾಡಿದೆ.

ಎರಡೂವರೆ ತಿಂಗಳು ಚೆನ್ನಾಗಿತ್ತು. ಆ ಬಿಡುವಿನಲ್ಲಿ, ಮೊದಲು ನೋವಿಗೆ ಮಾಡಲಾಗದ ವ್ಯಾಯಾಮವನ್ನೆಲ್ಲ ಮಾಡಿದೆ. ಇಂಜೆಕ್ಷನ್ ಡಿಸ್ಕನ್ನು ಒಳಗೆ ತಳ್ಳುವುದಿಲ್ಲ, ನರದ ಸುತ್ತಲಿನ ಊತ ಇಳಿಸುತ್ತದೆ. ಆಮೇಲೆ ಸ್ವಲ್ಪ ನೋವು ಮರಳಿತು, ಎರಡನೆಯದು ಬೇಡ ಅಂದೆ, ಅದೂ ಹೋಯಿತು. ಗುಣವಾದದ್ದು ಸೂಜಿಯಿಂದಲೋ ಕಾಲದಿಂದಲೋ? ನಿದ್ದೆ ಮಾತ್ರ ಸೂಜಿ ಕೊಟ್ಟದ್ದು ಅಂತ ನನ್ನ ಲೆಕ್ಕ.

ಅಕ್ಕನದು ಬೇರೆ ಕಥೆ. ನೋವು ಕುತ್ತಿಗೆ, ಹೆಗಲಲ್ಲೇ, ಅದೂ ವರ್ಷಗಳಿಂದ. ಕೈಗೆ ಇಳಿದದ್ದೇ ಇಲ್ಲ. ಹಾಗಿರುವಾಗ ಯಾವ ನರಕ್ಕೆ ಅಂತ ಕೊಡುವುದು? ಮೂರು ತಿಂಗಳು ದಾಟಿದ ನೋವಿಗೆ ಇಂಥ ಇಂಜೆಕ್ಷನ್ ಬೇಡವೇ ಬೇಡ ಅಂತ 2025ರಲ್ಲಿ ಬಿಎಂಜೆ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಮಾರ್ಗಸೂಚಿ ಹೇಳುತ್ತದೆ. ನೋವಿನ ತಜ್ಞರ ಸಂಘಗಳು ಅದನ್ನು ಒಪ್ಪದೆ ಜಗಳ ಆಡಿವೆ, ಅದು ಬೇರೆ. ಜೊತೆಗೆ ಅಕ್ಕನಿಗೆ ಸಕ್ಕರೆ ಕಾಯಿಲೆ, ಸ್ಟೀರಾಯ್ಡ್ ಬಿದ್ದರೆ ಕೆಲವು ದಿನ ಸಕ್ಕರೆ ಏರುತ್ತದೆ. ರಕ್ತ ತೆಳುವಾಗುವ ಮಾತ್ರೆ ಬೇರೆ ನುಂಗುತ್ತಾರೆ. ಇಷ್ಟೆಲ್ಲ ಇಟ್ಟುಕೊಂಡು ದಿನಕ್ಕೆ ನಾಲ್ಕು ಸೀರೆಗೆ ಫಾಲ್ ಹೊಲಿಯುವುದು, ನೆಲದ ಮೇಲೆ ಕೂತು, ತಲೆ ಬಗ್ಗಿಸಿ. ನಾನಾಗಿದ್ದರೆ ತಗೊಳ್ಳುತ್ತಿರಲಿಲ್ಲ, ಮೊದಲು ಫಿಸಿಯೋಗೆ ಹೋಗುತ್ತಿದ್ದೆ ಅಂದೆ.

ಆದರೆ ಕೈಯಿಂದ ವಸ್ತು ಜಾರತೊಡಗಿದರೆ, ಗುಂಡಿ ಹಾಕಲು ಬೆರಳು ಕೇಳದಿದ್ದರೆ, ನಡಿಗೆ ತೂರಾಡಿದರೆ, ಮೂತ್ರದ ಹಿಡಿತ ತಪ್ಪಿದರೆ, ಇಂಜೆಕ್ಷನ್ನೂ ಅಲ್ಲ ಫಿಸಿಯೋನೂ ಅಲ್ಲ, ಅದೇ ದಿನ ಸರ್ಜನ್ ಹತ್ತಿರ ಓಡಬೇಕು ಅಂತಲೂ ಹೇಳಿದೆ.

ಅಕ್ಕ ಗಾಬರಿಯಾಗಿ ಸೂಜಿ ಎತ್ತಿ, ಒಂದೇ ಸಲಕ್ಕೆ ದಾರ ಪೋಣಿಸಿ, "ಕೈ ಸರಿ ಉಂಟಲ್ವಾ?" ಅಂದರು. ಉಂಟು ಅಂದೆ.

ನಿನ್ನೆ ಹೋದಾಗ ಸೀರೆ ನೆಲದಿಂದ ಮೇಜಿಗೆ ಏರಿತ್ತು. ಕುತ್ತಿಗೆ ಮಾತ್ರ ಇನ್ನೂ ಬಗ್ಗಿಯೇ ಇತ್ತು.