ಮೇಲಿನ ಮುಚ್ಚಳ

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ನಿಲ್ಲಿಸಿರುವ ‘ಚಪಲ್’ ಯುದ್ಧನೌಕೆಯನ್ನು ಸೋದರಮಾವನಿಗೆ ತೋರಿಸಬೇಕೆಂಬ ಹಟ ನನ್ನದೇ. ಅವರಿಗೆ ಅಂಥ ಉತ್ಸಾಹವೇನೂ ಇರಲಿಲ್ಲ. ಹದಿನೈದು ವರ್ಷ ನೌಕಾಪಡೆಯಲ್ಲಿ ದುಡಿದು ಅಂಕೋಲೆಗೆ ಮರಳಿದ ಮೇಲೆ ಅವರು ಕಡಲ ಕಡೆ ಕಾಲಿಟ್ಟದ್ದು ಬಂಗಡೆ ಕೊಳ್ಳಲಿಕ್ಕೆ ಮಾತ್ರ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನೇ ಮಾತನಾಡಿದೆ. 1971ರಲ್ಲಿ ಕರಾಚಿ ಬಂದರನ್ನು ಸುಟ್ಟುಬಂದ ಹಡಗು ಇದೇ ಎಂದು, ನಾನೇ ಹೋಗಿ ಬಂದವನಂತೆ ಕೊಚ್ಚಿಕೊಂಡೆ. ಬಿಣಗಾ ಬರುವವರೆಗೂ ಸುಮ್ಮನೆ ಕೇಳಿಸಿಕೊಂಡ ಮಾವ, “ಇದು ಪಡೆಗೆ ಸೇರಿದ್ದೇ 1976ರಲ್ಲಿ, ತಮ್ಮಾ. ಹುಟ್ಟುವ ಮೊದಲೇ ಯುದ್ಧಕ್ಕೆ ಹೋಗಿತ್ತೇ?” ಎಂದರು. ಡಿಸೆಂಬರ್ 4ರ ರಾತ್ರಿ ಕರಾಚಿಗೆ ಹೋದವು ನಿಪಾತ್, ನಿರ್ಘಾತ್ ಮತ್ತು ವೀರ್. ಇದೇ ಜಾತಿಯ, ಇದಕ್ಕಿಂತ ಹಳೆಯ ಕ್ಷಿಪಣಿ ದೋಣಿಗಳು. ಆ ಹೊತ್ತಿನಲ್ಲಿ ಮಾವ ಬೇರೊಂದು ಹಡಗಿನ ಬಾಯ್ಲರ್ ಕೋಣೆಯಲ್ಲಿದ್ದರು. ಹತ್ತೊಂಬತ್ತರ ಹುಡುಗ.

ಹಡಗಿನೊಳಗೆ ಹೋದೆವು. ಸಿಬ್ಬಂದಿಯ ಹಾಗೆ ನಿಲ್ಲಿಸಿದ ಗೊಂಬೆಗಳ ಜೊತೆ ಜನ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಮಾವ ಗೊಂಬೆಗಳತ್ತ ತಿರುಗಿಯೂ ನೋಡಲಿಲ್ಲ, ಕ್ಷಿಪಣಿಯ ದೊಡ್ಡ ಪೆಟ್ಟಿಗೆಗಳನ್ನೂ ಅಷ್ಟಾಗಿ ನೋಡಲಿಲ್ಲ. “ಇದು ಡೀಸೆಲ್ ಎಂಜಿನಿನದು. ನಮ್ಮದು ಹಬೆಯ ಹಡಗು” ಎಂದು, ಹೆಂಡತಿಯ ತವರಿನ ಅಡುಗೆಯನ್ನು ರುಚಿ ನೋಡುವವರ ಹಾಗೆ ಮುಖ ಮಾಡಿದರು.

ಒಂದು ಕಬ್ಬಿಣದ ಬಾಗಿಲಿನ ಹತ್ತಿರ ಮಾತ್ರ ನಿಂತುಬಿಟ್ಟರು. ಅದರ ಅಂಚಿಗೆ ನೀರು ನುಗ್ಗದಂತೆ ರಬ್ಬರ್ ಪಟ್ಟಿ, ಸುತ್ತಲೂ ಬಿಗಿಯಲು ಹಿಡಿಕೆಗಳು. ಒಂದು ಹಿಡಿಕೆಯ ಮೇಲೆ ಅಂಗೈ ಇಟ್ಟುಕೊಂಡೇ ಮಾತು ಶುರುಮಾಡಿದರು. ನಲವತ್ತು ವರ್ಷದಲ್ಲಿ ಅವರ ಬಾಯಿಂದ ನಾನು ಅಷ್ಟು ಮಾತು ಕೇಳಿರಲಿಲ್ಲ.

ಬಾಯ್ಲರ್ ಕೋಣೆಗೆ ಕಿಟಕಿಯಿಲ್ಲ. ಹಗಲೋ ರಾತ್ರಿಯೋ ಗೊತ್ತಾಗದು. ನಾಲ್ಕು ಗಂಟೆಯ ಪಾಳಿ. ಬೆವರು ಇಳಿದಿಳಿದು ಬೂಟಿನಲ್ಲಿ ಪಚಪಚ ಎನ್ನುತ್ತಿತ್ತು, ತಲೆ ಸುತ್ತದಿರಲೆಂದು ಉಪ್ಪಿನ ಮಾತ್ರೆ ಕೊಡುತ್ತಿದ್ದರು. ಸಿಹಿನೀರಿಗೆ ಲೆಕ್ಕವಿದ್ದುದರಿಂದ ಸ್ನಾನವೆಂಬುದು ನೆನಪಿನ ಮಾತು. ಎಲ್ಲಕ್ಕಿಂತ ದೊಡ್ಡ ತಲೆಬೇನೆ ಹೊಗೆಯದು. ಬೆಂಕಿಗೆ ಗಾಳಿ ಕಡಿಮೆಯಾದರೆ ಹೊಗೆ ಕಪ್ಪು, ಹೆಚ್ಚಾದರೆ ಬಿಳಿ. ಯಾವುದಾದರೂ ಆಕಾಶದಲ್ಲಿ ಗೆರೆ ಎಳೆದಂತೆ ಮೈಲುಗಟ್ಟಲೆ ದೂರಕ್ಕೆ ಕಾಣುತ್ತದೆ. ಕೊಳವೆಯ ಬಾಯಲ್ಲಿ ಏನೂ ಕಾಣದಂತೆ ಉರಿಸುವುದೇ ಕಸುಬು. “ನಾನು ಯುದ್ಧದಲ್ಲಿ ಮಾಡಿದ್ದು ಇಷ್ಟೇ. ಹೊಗೆ ಕಾಣದಂತೆ ಒಲೆ ಉರಿಸಿದ್ದು. ನಿನ್ನ ಅಜ್ಜಿಗೂ ಅದು ಬರುತ್ತಿರಲಿಲ್ಲ” ಎಂದು ನಕ್ಕರು.

ಮೇಲಿನ ಸುದ್ದಿ ಕೆಳಗಿಳಿಯುತ್ತಿದ್ದದ್ದು ವೇಗದ ರೂಪದಲ್ಲಿ. ಗಂಟೆ ಬಾರಿಸಿ ಮುಳ್ಳು ತಿರುಗಿ ವೇಗ ಹೆಚ್ಚಿಸು ಎಂದರೆ ಹೆಚ್ಚಿಸಬೇಕು. ಯಾರನ್ನೋ ಅಟ್ಟುತ್ತಿದ್ದೇವೆಯೋ, ಯಾರೋ ನಮ್ಮನ್ನು ಅಟ್ಟುತ್ತಿದ್ದಾರೆಯೋ ಎಂಬುದನ್ನು ಮುಳ್ಳು ಹೇಳುತ್ತಿರಲಿಲ್ಲ. ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಓಡಿದ ಮೇಲೆ ಏಣಿಯ ತುದಿಯ ಮುಚ್ಚಳವನ್ನು ಮೇಲಿನವರು ಹಾಕಿ ಬಿಗಿಯುತ್ತಿದ್ದರು. ಒಂದು ಕೋಣೆಗೆ ನೀರು ನುಗ್ಗಿದರೆ ಹಡಗು ಉಳಿಯಲಿ ಎಂದು.

“ಅದನ್ನು ಹಾಕುವವನು ನನ್ನ ಗೆಳೆಯನೇ. ಮಲೆಯಾಳಿ ಹುಡುಗ. ಒಟ್ಟಿಗೆ ಉಣ್ಣುತ್ತಿದ್ದೆವು, ಬೀಡಿ ಸೇದುತ್ತಿದ್ದೆವು. ದಿನಾ ನನ್ನ ತಲೆಯ ಮೇಲೆ ಮುಚ್ಚಳ ಹಾಕುತ್ತಿದ್ದ. ಹಾಕುವಾಗ ಮುಖ ನೋಡುತ್ತಿರಲಿಲ್ಲ.”

ಮಾವನ ಮನೆಯಲ್ಲಿ ಮಲಗುವ ಕೋಣೆಯ ಬಾಗಿಲನ್ನು ಮಳೆಗಾಲದ ಗಾಳಿಯಲ್ಲೂ ಮುಚ್ಚುವಂತಿಲ್ಲ. ಸೆಕೆ ತಡೆಯುವುದಿಲ್ಲ ಅವನಿಗೆ ಎಂದು ಅಮ್ಮ ಹೇಳುತ್ತಿದ್ದರು, ನಾವೂ ಹಾಗೇ ನಂಬಿದ್ದೆವು.

ಡಿಸೆಂಬರ್ 9ರ ರಾತ್ರಿ ದಿಯು ಆಚೆಯ ಕಡಲಿನಲ್ಲಿ ಪಾಕಿಸ್ತಾನದ ಜಲಾಂತರ್ಗಾಮಿಯೊಂದು ನಮ್ಮ ‘ಖುಕ್ರಿ’ಯನ್ನು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಹಡಗು ಮುಳುಗಿದ ಸುದ್ದಿ ಅಂಕೋಲೆಗೆ ಬಂದದ್ದು ಹೆಸರಿಲ್ಲದೆ. ಓದುಬರಹ ಬಾರದ ಅಜ್ಜಿ ಮಗನ ಹಳೆಯ ಕಾಗದವನ್ನು ಸೆರಗಿಗೆ ಕಟ್ಟಿಕೊಂಡು ಮಾಸ್ತರರ ಮನೆಗೆ ನಡೆದು, ವಿಳಾಸದಲ್ಲಿರುವ ಹಡಗಿನ ಹೆಸರನ್ನು ಓದಿಸಿದಳಂತೆ. ದಾರಿಯಲ್ಲಿ ಮರೆಯಬಾರದೆಂದು ಅದನ್ನೇ ಬಾಯಲ್ಲಿ ಹೇಳಿಕೊಳ್ಳುತ್ತ ಬಂದಳಂತೆ. ಇದು ಅಮ್ಮ ಹೇಳಿದ್ದು. ಮಾವ ಇದನ್ನು ನನ್ನಿಂದಲೇ ಮೊದಲ ಸಲ ಕೇಳಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಕಾಗದದಲ್ಲಿ ನಾನು ಬರೆದದ್ದಾದರೂ ಏನು? ಕ್ಷೇಮ, ಊಟ ಚೆನ್ನಾಗಿದೆ. ಅದೂ ಸುಳ್ಳು. ತರಕಾರಿ ಮುಗಿದು ಬರೀ ಬೇಳೆ, ಬಟಾಟೆ ನಡೆದಿತ್ತು” ಎಂದರು.

ಹೊರಡುವ ಮೊದಲು ಹಿಡಿಕೆಯನ್ನು ತಿರುಗಿಸಲು ನೋಡಿದರು. ಅಲುಗಲಿಲ್ಲ, ಸಂದಿಯಲ್ಲೆಲ್ಲ ಬಣ್ಣ ತುಂಬಿ ಗಟ್ಟಿಯಾಗಿತ್ತು. ಅಲ್ಲಿದ್ದ ಕಾವಲಿನ ಹುಡುಗನನ್ನು ಕರೆದು, “ಇದಕ್ಕೆ ಬಣ್ಣ ಬಳಿಯಬಾರದು, ಗ್ರೀಸ್ ಹಚ್ಚಬೇಕು. ಒಳಗಿನಿಂದಲೂ ತಿರುಗಬೇಕು” ಎಂದರು. ಹುಡುಗ ಮೊಬೈಲಿನಿಂದ ತಲೆಯೆತ್ತಿ, “ಅದನ್ನು ಯಾರೂ ಮುಚ್ಚುವುದಿಲ್ಲ ಅಜ್ಜಾ” ಎಂದ.

“ಸರಿ ಹಾಗಾದರೆ” ಎಂದು ಮಾವ ಚಪ್ಪಲಿ ಸರಿಪಡಿಸಿಕೊಂಡು ಇಳಿದರು.