ಹದಿಮೂರನೆಯ ಕೀರ್ತನೆಯ ಮಾಸ್ತರರು

ಈ ಮಳೆಗಾಲದಲ್ಲಿ ನಮ್ಮ ಬೈಬಲ್ ಮಾಸ್ತರರು ತೀರಿಕೊಂಡರು. ಮಂಗಳೂರಿನ ಆ ಹಾಸ್ಟೆಲಿನಲ್ಲಿದ್ದವರಿಗೆ ಬೀಜಗಣಿತ ಎಂದೋ ಮರೆತುಹೋಗಿದೆ. ಕಷ್ಟ ಬಂದಾಗ ಬೈಬಲನ್ನು ಎಲ್ಲಿ ತೆರೆಯಬೇಕು, ಹೇಗೆ ಓದಬೇಕು ಎಂಬುದು ಮಾತ್ರ ಮರೆತಿಲ್ಲ.

ಬೈಬಲಿನಲ್ಲಿ ಕೀರ್ತನೆಗಳು ಎಂಬ ಪ್ರಾರ್ಥನಾ ಗೀತೆಗಳ ಪುಸ್ತಕವೊಂದಿದೆ. ಸಾವಿನ ಮನೆಯಲ್ಲಿ ಮೊದಲೇ ಅದರ 23ನೆಯ ಕೀರ್ತನೆ ಓದುವುದು ಅವರಿಗೆ ಸರಿಬರುತ್ತಿರಲಿಲ್ಲ. ಆಗಷ್ಟೇ ಮಣ್ಣು ಹಾಕಿ ಬಂದವರಿಗೆ, ದೇವರು ಕುರುಬನಂತೆ ಕಾಯುತ್ತಾನೆ ಎಂಬ ಅದರ ಹಸುರುಗಾವಲಿನ ಮಾತು ಹೇಳಿದರೆ ಅವರ ಅಳುವನ್ನು ತಡೆದ ಹಾಗೆ ಎನ್ನುತ್ತಿದ್ದರು. ಅವರು ಕೊಡುತ್ತಿದ್ದದ್ದು 13ನೆಯದು. ಆರೇ ವಚನ. ಮೊದಲೆರಡರಲ್ಲಿ ‘ಎಷ್ಟರವರೆಗೆ’ ಎಂದು ದೇವರನ್ನು ನಾಲ್ಕು ಸಲ ಕೇಳುವ ದೂರು, ಮುಂದಿನೆರಡರಲ್ಲಿ ಬೇಡಿಕೆ, ಕೊನೆಯೆರಡರಲ್ಲಿ ಭರವಸೆ.

ಗಟ್ಟಿಯಾಗಿಯೇ ಓದಬೇಕು. ಮನಸ್ಸಿನಲ್ಲೇ ಓದಿದರೆ ಕಣ್ಣು ಮುಂದಕ್ಕೆ ಓಡಿಬಿಡುತ್ತದೆ, ನೋವು ಹಿಂದೆ ಉಳಿಯುತ್ತದೆ. ಒಂದೊಂದು ‘ಎಷ್ಟರವರೆಗೆ’ ಆದಮೇಲೂ ನಿಂತು, ನಿಧಾನ ಉಸಿರುಬಿಟ್ಟು, ನಮ್ಮ ಸಂಕಟವನ್ನು ಹೆಸರು ಹಿಡಿದು ಹೇಳಬೇಕು: ಸಾಲವಾದರೆ ಸಾಲ, ಕಾಯಿಲೆಯಾದರೆ ಕಾಯಿಲೆ. ಮೂರನೆಯ ವಚನಕ್ಕೆ ಬಂದಾಗ ಒಂದೇ ಒಂದು ಬೇಡಿಕೆ, ಅದೂ ಇವತ್ತಿನ ಮಟ್ಟಿಗೆ. ಹತ್ತು ಬೇಡಿಕೆ ಇಟ್ಟರೆ ಪ್ರಾರ್ಥನೆ ಹೋಗಿ ಚಿಂತೆಯ ಪಟ್ಟಿಯಾಗುತ್ತದೆ. ಐದನೆಯ ವಚನ ಬಾಯಿಗೆ ಬಾರದಿದ್ದರೆ ಬಲವಂತ ಬೇಡ, ನಾಲ್ಕರಲ್ಲೇ ನಿಲ್ಲಿಸಿ ನಾಳೆ ಮತ್ತೆ ಮೊದಲಿಂದ. ಶುರುಮಾಡಿದ ದಿನದ ತಾರೀಖನ್ನು ಒಂದನೆಯ ವಚನದ ಪಕ್ಕ ಪೆನ್ಸಿಲಿನಲ್ಲಿ ಬರೆಯಬೇಕು. ಐದನೆಯದು ಮನಸಾರೆ ಬಂದ ದಿನ ಅಲ್ಲೊಂದು ತಾರೀಖು. ಓದುವ ಶಕ್ತಿಯೂ ಇಲ್ಲದವರಿಗೆ ಬೇರೆಯವರು ಓದಬೇಕು, ಉಪದೇಶ ಕೂಡದು. ವಾರಗಟ್ಟಲೆ ನಿದ್ದೆ, ಊಟ ಬಿಟ್ಟವರನ್ನು ಡಾಕ್ಟರ ಹತ್ತಿರ ಕರೆದೊಯ್ಯುವುದೂ ವಿಶ್ವಾಸದ ಕೆಲಸವೇ ಎಂದು ಅವರು ಒತ್ತಿ ಹೇಳುತ್ತಿದ್ದರು.

ಒಂದು ಸಂಜೆ ಯಾರೋ ಹುಡುಗರು ಚಾಪೆಲಿನ ಬೈಬಲಿನ ಗುರುತಿನ ರಿಬ್ಬನ್ನನ್ನು 121ನೆಯ ಕೀರ್ತನೆಯಿಂದ 88ನೆಯದಕ್ಕೆ ಸರಿಸಿಟ್ಟರು. ಓದುವ ಸರದಿಯ ಹುಡುಗ ಅದನ್ನೇ ಓದುತ್ತ ಹೋದ. ಹದಿನೆಂಟು ವಚನ, ಎಲ್ಲೂ ಸಮಾಧಾನವಿಲ್ಲ, ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಹಿಂದಿನ ಬೆಂಚಿನಲ್ಲಿ ಕಿಸಿಕಿಸಿ ನಗು. ಮಾಸ್ತರರು ಬೆತ್ತ ಎತ್ತಲಿಲ್ಲ. ಇಂಥದ್ದನ್ನೂ ಬೈಬಲಿನಲ್ಲಿ ಯಾಕೆ ಉಳಿಸಿಕೊಂಡಿದ್ದಾರೆ, ಯೋಚನೆ ಮಾಡಿ ಎಂದಷ್ಟೇ ಹೇಳಿದರು. ದೋಣಿ ದುರಂತದಲ್ಲಿ ಅಪ್ಪನನ್ನು ಕಳೆದುಕೊಂಡಿದ್ದ ಹುಡುಗನೊಬ್ಬ ಪ್ರಾರ್ಥನೆ ಮುಗಿದ ಮೇಲೆ ಹೋಗಿ ಅದನ್ನೇ ಇನ್ನೊಮ್ಮೆ ಓದಿಸಿಕೊಂಡ. ಮರುದಿನದ ಕ್ಲಾಸಿನಲ್ಲಿ 22ನೆಯ ಕೀರ್ತನೆ: ಯಾಕೆ ಕೈಬಿಟ್ಟೆ ಎಂಬ ಅದರ ಮೊದಲ ಮಾತನ್ನೇ ಯೇಸು ಶಿಲುಬೆಯ ಮೇಲೆ ಕೂಗಿದ್ದು. ಬರ್ಲಿನ್ನಿನ ಟೇಗಲ್ ಸೆರೆಮನೆಯಲ್ಲಿ 1943ರಲ್ಲಿ ಬಂಧಿಯಾಗಿದ್ದ, ಹಿಟ್ಲರನನ್ನು ವಿರೋಧಿಸಿದ ಜರ್ಮನ್ ಪಾದ್ರಿ ಡೀಟ್ರಿಕ್ ಬೊನ್ಹೋಫರ್ ದಿನವೂ ಕೀರ್ತನೆಗಳನ್ನು ಓದುತ್ತಿದ್ದ ಕಥೆಯನ್ನೂ ಅವತ್ತೇ ಹೇಳಿದರು.

ಈಗಿನ ಮಕ್ಕಳಿಗೆ ಅಸೆಂಬ್ಲಿಯಲ್ಲಿ ಐದು ನಿಮಿಷದ ಸ್ಫೂರ್ತಿಯ ವೀಡಿಯೊ. ಮಾರ್ಕ್ಸ್ ಕಡಿಮೆ ಬಂದ ದಿನ, ಮನೆಯಲ್ಲಿ ಜಗಳವಾದ ದಿನ ಆ ಮಗು ಏನು ಮಾಡಬೇಕು? ಅಳುವುದಕ್ಕೂ ಒಂದು ಕ್ರಮವಿದೆ ಎಂದು ಯಾರಾದರೂ ಕಲಿಸಬೇಡವೇ? ನಮ್ಮ ಬ್ಯಾಚಿನವರಿಗೆ ಅದು ಸಿಕ್ಕಿತ್ತು. ಆಸ್ಪತ್ರೆಯ ವಾರ್ಡಿನಲ್ಲಿ ರಾತ್ರಿಯಿಡೀ ಕೂರಲು, ಮಾತಿಲ್ಲದೆ ಜೊತೆಗಿರಲು ಇವರಿಗೆ ಬರುತ್ತದೆ ಎಂದು ಊರಿನವರು ಹೇಳುವುದುಂಟು.

ಮಣ್ಣಾದ ಸಂಜೆ ಅವರ ಮಗಳು ಅಪ್ಪನ ಬೈಬಲನ್ನು ಮೇಜಿನ ಮೇಲೆ ತೆರೆದಿಟ್ಟಿದ್ದರು. 13ನೆಯ ಕೀರ್ತನೆಯ ಅಂಚಿನ ತುಂಬ ಸಣ್ಣ ಅಕ್ಷರದ ತಾರೀಖುಗಳು, ಕೆಲವು ಬೆರಳು ತಾಗಿ ತಾಗಿ ಅರ್ಧ ಅಳಿಸಿಹೋಗಿವೆ. ಒಂದನೆಯ ವಚನದ ಪಕ್ಕದ ಕೊನೆಯದು ಅವರ ಪತ್ನಿ ತೀರಿಕೊಂಡ ವಾರದ್ದು. ಐದನೆಯದರ ಪಕ್ಕ ಅದರ ಜೋಡಿ ತಾರೀಖು ಇದೆ, ಹನ್ನೊಂದು ತಿಂಗಳ ಆಮೇಲಿನದು.